ಇಪ್ಪತ್ತೈದು ಅಂಕಗಳ ಜೀವವೈವಿಧ್ಯ

ರಾಜ್ಯ ಶಿಕ್ಷಣ ನೀತಿ ಆಯೋಗದ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರದ ಕೈಸೇರಿದ ಮೇಲೆ ಚರ್ಚೆಯೆಲ್ಲ ದ್ವಿಭಾಷಾ ಸೂತ್ರದ ಸುತ್ತಲೇ ಗಿರಕಿ ಹೊಡೆಯಿತು. ಬಿ.ಎ., ಬಿ.ಕಾಂ., ಬಿ.ಸಿ.ಎ. ವಿದ್ಯಾರ್ಥಿಗಳ ಪರಿಸರ ಅಧ್ಯಯನ ಪತ್ರಿಕೆಯನ್ನು ನೆನೆದವರು ವಿರಳ. ನೆನೆದವರದೂ ಒಂದೇ ಬೇಡಿಕೆ: ಜೀವವೈವಿಧ್ಯದ ಪಾಠ ಹೆಚ್ಚಿಸಿ. ಖಂಡಿತ ಬೇಡ. ಪಾಠ ಈಗಲೇ ಅತಿಯಾಗಿದೆ.

ಎಂ.ಸಿ. ಮೆಹ್ತಾ ಪ್ರಕರಣದ 1991ರ ಸುಪ್ರೀಂ ಕೋರ್ಟ್ ತೀರ್ಪಿನ ಆಧಾರದ ಮೇಲೆ ಮುಂದೆ ಯುಜಿಸಿ ಎಲ್ಲ ಪದವಿಗಳಿಗೂ ರೂಪಿಸಿದ ಪಠ್ಯಕ್ರಮವನ್ನೇ ತೆಗೆದು ನೋಡಿ. ಒಟ್ಟು 50 ಉಪನ್ಯಾಸ. ಜೀವವೈವಿಧ್ಯಕ್ಕೆ 8, ಕ್ಷೇತ್ರಕಾರ್ಯಕ್ಕೆ 5. ಇನ್ನು 100 ಅಂಕಗಳಲ್ಲಿ ಕ್ಷೇತ್ರಕಾರ್ಯದ ಪಾಲು 25. ಸಮಯದಲ್ಲಿ ಹತ್ತನೇ ಒಂದು, ಅಂಕದಲ್ಲಿ ಕಾಲು ಭಾಗ! ಪಠ್ಯಕ್ರಮ ರೂಪಿಸಿದವರಿಗೆ ಹೊರಗೆ ಕಳೆಯುವ ಒಂದು ಗಂಟೆಯ ಬೆಲೆ ಗೊತ್ತಿತ್ತು. ಅದನ್ನು ಜಾರಿಗೆ ತಂದವರಿಗೆ 25 ಅಂಕ ಸುಲಭವಾಗಿ ಹಾಕಬಹುದು ಎಂಬುದಷ್ಟೇ ಗೊತ್ತಾಯಿತು. ಎಷ್ಟೋ ಕಾಲೇಜುಗಳಲ್ಲಿ ಕ್ಷೇತ್ರಕಾರ್ಯವೆಂದರೆ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ವರದಿ. ಹೋದ ವರ್ಷದ್ದಕ್ಕೆ ಹೊಸ ರಕ್ಷಾಪುಟ.

ಬಸ್ಸಿಲ್ಲ, ಕಾಡಿಲ್ಲ, ಜೀವಶಾಸ್ತ್ರದ ಮೇಷ್ಟ್ರಿಲ್ಲ ಎಂಬ ಸಬೂಬು ಸಿದ್ಧವಾಗಿಯೇ ಇರುತ್ತದೆ. ಮೇಷ್ಟ್ರ ಮಾತು ಅರ್ಧ ನಿಜ. ಕಾರ್ಯಭಾರ ತುಂಬದವರ ತಲೆಗೆ ಈ ಪತ್ರಿಕೆ ಕಟ್ಟುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆದರೆ ಪಠ್ಯಕ್ರಮ ಕೇಳುವುದು ಸಾಮಾನ್ಯ ಗಿಡ, ಕೀಟ, ಹಕ್ಕಿಗಳನ್ನು. ಕೆರೆ, ಹೊಳೆ, ಗುಡ್ಡದ ಇಳಿಜಾರನ್ನು. ಅದಕ್ಕೆ ನಾಗರಹೊಳೆಗೇ ಹೋಗಬೇಕೆ?

ಅಷ್ಟಕ್ಕೂ ಜೀವಶಾಸ್ತ್ರ ಓದದವರೇ ಹೆಚ್ಚು ಉಪಯೋಗಕ್ಕೆ ಬರುವ ಕೆಲಸವೊಂದು ಪಂಚಾಯಿತಿ ಕಪಾಟಿನಲ್ಲಿ ಕಾಯುತ್ತಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. 2020ರ ಜನವರಿ 31ರೊಳಗೆ ಮುಗಿಸದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದು ಹಸಿರು ನ್ಯಾಯಮಂಡಳಿ ಗದರಿದ ಮೇಲೆ ಅವಸರವೋ ಅವಸರ. ಗಡುವಿಗೆ ಹೆದರಿ ತುಂಬಿದ ದಾಖಲಾತಿ ಎಷ್ಟು ನಂಬಿಕೆಗೆ ಅರ್ಹ ಎಂದು ಯಾರಾದರೂ ಹೋಗಿ ಪರೀಕ್ಷಿಸಬೇಕಲ್ಲ?

ಅದರಲ್ಲಿ ಪ್ರಭೇದಗಳ ಪಟ್ಟಿಯ ಜೊತೆಗೆ ಯಾರು ಏನು ಬೆಳೆಯುತ್ತಾರೆ, ಯಾವ ಸೊಪ್ಪು ಯಾವ ನೋವಿಗೆ, ಸಂತೆಗೆ ಏನು ಬರುತ್ತದೆ ಎಂಬುದೂ ಇರಬೇಕು. ಕುಮಟಾದ ಬಿ.ಕಾಂ. ವಿದ್ಯಾರ್ಥಿಯನ್ನೇ ತೆಗೆದುಕೊಳ್ಳಿ. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆ ಅವನ ಕಾಲೇಜಿಗೆ ಕೂಗಳತೆ. ಅಲ್ಲಿ ಬಳಚು ಹೆಕ್ಕುವವರಿಗೆ ಸಿಗುವುದೆಷ್ಟು, ದಲ್ಲಾಳಿಗೆ ಉಳಿಯುವುದೆಷ್ಟು, ಸುಣ್ಣಕ್ಕೆ ಹೋಗುವ ಚಿಪ್ಪಿನ ದರವೇನು: ಇದು ಅಪ್ಪಟ ವಾಣಿಜ್ಯದ ಲೆಕ್ಕ. ಅವನೋ ತರಗತಿಯಲ್ಲಿ ಕುಳಿತು ‘ಹಾಟ್‌ಸ್ಪಾಟ್ ಎಂದರೇನು’ ಎಂಬುದಕ್ಕೆ ಐದು ಅಂಕದ ಉತ್ತರ ಉರು ಹೊಡೆಯುತ್ತಿದ್ದಾನೆ. ಕನ್ನಡ ಓದುವ ಬಿ.ಎ. ವಿದ್ಯಾರ್ಥಿನಿ ಮೀನಿನ ಊರುಹೆಸರುಗಳನ್ನು ಸಂಗ್ರಹಿಸಿಕೊಟ್ಟರೆ ಆ ಪುಟವನ್ನು ಪ್ರಾಣಿಶಾಸ್ತ್ರದವರು ಕೇಳಿ ಪಡೆಯುತ್ತಾರೆ.

ಇದೇನು ಹೊಸ ಪ್ರಯೋಗವಲ್ಲ. 1990ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಪಶ್ಚಿಮಘಟ್ಟದ ಪದವಿ ಕಾಲೇಜುಗಳ ಅಧ್ಯಾಪಕರನ್ನು ಜೀವವೈವಿಧ್ಯ ಜಾಲವೊಂದರಲ್ಲಿ ಜೋಡಿಸಿದ್ದರು. ಆಗ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ, ಹಕ್ಕಿಯ ಹೆಸರು ಹೇಳುವ ಆ್ಯಪ್ ಇರಲಿಲ್ಲ.

ಮಾಡಬೇಕಾದ್ದು ಇಷ್ಟೆ. ಕ್ಷೇತ್ರಕಾರ್ಯವನ್ನು 5ರಿಂದ 20 ಗಂಟೆಗೆ ಏರಿಸಿ, ಆ ಗಂಟೆಗಳನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಲೆಕ್ಕ ಹಿಡಿಯಿರಿ. ಇಲ್ಲದಿದ್ದರೆ ಅತಿಥಿ ಉಪನ್ಯಾಸಕರು ಬಿಸಿಲಿಗೆ ಯಾಕೆ ಇಳಿಯುತ್ತಾರೆ? ಆ 25 ಅಂಕಗಳಲ್ಲಿ ಪ್ರತ್ಯೇಕವಾಗಿ ಪಾಸಾಗಲೇಬೇಕೆಂಬ ನಿಯಮ ತನ್ನಿ. ವರದಿಯ ಒಂದು ಪ್ರತಿ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಹೋಗಲಿ. ಸದಸ್ಯರು ಓದಿ ಸಹಿ ಹಾಕಿದ ಮೇಲಷ್ಟೇ ಅಂಕಪಟ್ಟಿ.