ಅನ್ನ ಕೊಟ್ಟ ಊರಿನ ಅಕ್ಷರ

ಬೆಂಗಳೂರಿನ ನನ್ನ ಹಳೆಯ ಮಿತ್ರರೊಬ್ಬರಿಗೆ ನಿತ್ಯದ ಕೊರಗೊಂದುಂಟು. ಅವರ ಮಹಡಿಯ ಮೇಲಿನ ಮನೆಯವರು ಊರಿಗೆ ಬಂದು ಹತ್ತು ವರ್ಷವಾಯಿತು. ಇನ್ನೂ ‘ಕನ್ನಡ ಗೊತ್ತಿಲ್ಲ’ ಎಂಬ ಎರಡೇ ಮಾತಿನಲ್ಲಿ ಸಂಸಾರ ನಡೆಸುತ್ತಿದ್ದಾರೆ. ‘ಕಾವೇರಿ ನೀರು ಕುಡಿಯುವವರಿಗೆ ಅಷ್ಟಾದರೂ ಉಪಕಾರ ಸ್ಮರಣೆ ಬೇಡವೆ?’ ಎಂದು ಮಿತ್ರರು ಕೇಳಿದಾಗಲೆಲ್ಲ ನಾನು ತಲೆದೂಗಿದ್ದೇನೆ.

ನಾನು ಇಂಗ್ಲಿಷು ಮೇಷ್ಟರಾಗಿ ದಕ್ಷಿಣ ಕೊರಿಯಾದ ಬುಸಾನ್ ನಗರಕ್ಕೆ ಬಂದು ಒಂದು ವರ್ಷವಾದ ಮೇಲೆ, ಸಂಜೆಯ ಹೊತ್ತು ಇಲ್ಲಿಯ ಭಾಷೆ ಕಲಿಯತೊಡಗಿದ್ದೇನೆಂದು ಅದೇ ಮಿತ್ರರಿಗೆ ತಿಳಿಸಿದೆ. ಅವರು ನಕ್ಕುಬಿಟ್ಟರು. ‘ಅದರಿಂದ ನಿಮಗೇನು ಬಂತು, ಮೇಷ್ಟ್ರೇ? ನಿಮ್ಮನ್ನು ಕರೆಸಿಕೊಂಡದ್ದು ಇಂಗ್ಲಿಷು ಕಲಿಸುವುದಕ್ಕೆ. ಇವತ್ತಲ್ಲ ನಾಳೆ ಬಿಟ್ಟು ಬರುವ ಊರು’ ಎಂದರು.

ಮಹಡಿಯ ಮೇಲಿನವರೂ ಇದನ್ನೇ ಹೇಳುತ್ತಾರಲ್ಲ!

ಮಿತ್ರರನ್ನು ಹಳಿಯಲೆಂದು ಇದನ್ನು ಬರೆಯುತ್ತಿಲ್ಲ. ಒಂದು ವರ್ಷ ಪೂರ್ತಿ ನಾನೂ ಆ ಮಹಡಿಯ ಮೇಲಿನವನೇ ಆಗಿದ್ದೆ. ಇಲ್ಲಿನ ವ್ಯವಸ್ಥೆಯೂ ಆ ಸೋಮಾರಿತನಕ್ಕೆ ಧಾರಾಳವಾಗಿ ನೀರೆರೆಯುತ್ತದೆ. ಇಂಗ್ಲಿಷು ಕಲಿಸಲು ಬರುವವರಿಗೆ ಕೊಡುವ ವೀಸಾ ಮುಖ್ಯವಾಗಿ ಏಳು ದೇಶದವರಿಗೆ ಮೀಸಲು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಭಾರತದವರಿಗೆ ಬಾಗಿಲು ಕೊಂಚ ತೆರೆದದ್ದು 2010ರ ಜನವರಿಯಲ್ಲಿ ಜಾರಿಗೆ ಬಂದ ಎರಡು ದೇಶಗಳ ಆರ್ಥಿಕ ಒಪ್ಪಂದದಿಂದ. ಅದೂ ಪದವಿಯ ಜೊತೆಗೆ ಉಪಾಧ್ಯಾಯ ವೃತ್ತಿಯ ಅರ್ಹತೆಯುಳ್ಳವರಿಗೆ, ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಿ ಮಾತ್ರ. ನಾನು ನುಸುಳಿದ್ದು ಆ ಕಿಂಡಿಯಿಂದ. ಪದವಿಪತ್ರ ಕೇಳಿದರು, ಪೊಲೀಸರ ಸನ್ನಡತೆಯ ಪತ್ರ ಕೇಳಿದರು, ವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಿದರು. ಕೊರಿಯನ್ ಭಾಷೆಯ ಒಂದಕ್ಷರ ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ಇದೇ ಊರಿನ ಕಾರ್ಖಾನೆಗಳಲ್ಲಿ ದುಡಿಯುವ ನೇಪಾಳದ ತರುಣರ ಪಾಡು ಬೇರೆ. 2004ರಲ್ಲಿ ಆರಂಭವಾದ ವ್ಯವಸ್ಥೆಯ ಪ್ರಕಾರ ನೇಪಾಳ, ವಿಯೆಟ್ನಾಂ, ಶ್ರೀಲಂಕಾ ಮೊದಲಾದ ದೇಶಗಳಿಂದ ಕೂಲಿಗೆ ಬರುವವರು ತಮ್ಮ ಊರಿನಲ್ಲೇ ಕೊರಿಯನ್ ಭಾಷೆಯ ಪರೀಕ್ಷೆ ಕೊಟ್ಟು ತೇರ್ಗಡೆಯಾಗಬೇಕು. ಆಮೇಲೆ ವಿಮಾನದ ಮಾತು. ಕಬ್ಬಿಣ ಬಗ್ಗಿಸುವವನಿಗೆ ಭಾಷೆ ಬೇಕು. ಮಕ್ಕಳ ನಾಲಗೆ ತಿದ್ದುವವನಿಗೆ ಬೇಡ! ಇದಕ್ಕಿಂತ ವಿಚಿತ್ರವಾದ ತಕ್ಕಡಿಯನ್ನು ನಾನು ಕಂಡಿಲ್ಲ. ಇಂಗ್ಲಿಷು ಬಲ್ಲವನು ಎಲ್ಲಿಗೆ ಹೋದರೂ ಊರೇ ಅವನ ಕಡೆಗೆ ನಡೆದು ಬರಬೇಕೆಂಬ ಗರ್ವ ಈ ತಕ್ಕಡಿಯ ಒಂದು ತಟ್ಟೆಯಲ್ಲಿ ಕುಳಿತಿದೆ.

ಆ ಗರ್ವಕ್ಕೆ ಮೊದಲು ಸಿಕ್ಕ ಪೆಟ್ಟು ನಗುವಂಥದು. ನೀರು ನಿಲ್ಲುತ್ತದೆಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಓದಲು ಬಾರದ ನಾನು ಮೈತುಂಬ ಸೋಪು ಹಚ್ಚಿಕೊಂಡು ಒಣಗಿದ ನಲ್ಲಿಯ ಮುಂದೆ ನಿಂತೆ. ಎರಡನೆಯದು ನಗುವಂಥದಲ್ಲ.

ಇಲ್ಲಿ 1997ರಿಂದ ಮೂರನೆಯ ತರಗತಿಯಿಂದಲೇ ಇಂಗ್ಲಿಷು ಪಾಠ. ನಮ್ಮ ಜೊತೆಗೆ ತರಗತಿಯಲ್ಲಿ ಕೊರಿಯನ್ ಉಪಾಧ್ಯಾಯರೊಬ್ಬರು ಇರುತ್ತಾರೆ. ಒಂದು ದಿನ ಅವರು ಐದು ನಿಮಿಷ ಹೊರಗೆ ಹೋಗಿದ್ದರು. ನಾಲ್ಕನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, ‘ಸೊನ್‌ಸೆಂಗ್‌ನಿಮ್, ಬೆ ಅಪಾಯೊ’ ಎಂದ. ಮೊದಲ ಮಾತು ಗುರುಗಳೇ ಎಂಬುದೆಂದು ಗೊತ್ತಿತ್ತು. ಉಳಿದದ್ದು ತಿಳಿಯಲಿಲ್ಲ. ‘ಇಂಗ್ಲಿಷಿನಲ್ಲಿ ಹೇಳು’ ಎಂದೆ. ಆತ ಇನ್ನೊಮ್ಮೆ ಅದನ್ನೇ ಹೇಳಿದ. ನಾನು ಇನ್ನೂ ಗಂಭೀರವಾಗಿ, ‘ಇಂಗ್ಲಿಷಿನಲ್ಲಿ’ ಎಂದೆ. ಹುಡುಗ ಕುಳಿತ. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆಯೇ ವಾಂತಿ ಮಾಡಿಕೊಂಡು, ಇಡೀ ತರಗತಿಯ ಎದುರಿಗೆ ಅವಮಾನದಿಂದ ಅಳತೊಡಗಿದ. ಹೊಟ್ಟೆ ನೋಯುತ್ತಿದೆ ಎಂದು ಮಗು ನನಗೆ ಎರಡು ಸಲ ಹೇಳಿತ್ತು. ‘ಅಪಾಯೊ’ ಎಂದರೆ ನೋಯುತ್ತದೆ ಎಂದರ್ಥ. ನಮ್ಮ ಕಿವಿಗೆ ಅಪಾಯವೆಂದೇ ಕೇಳುವ ಆ ಮಾತನ್ನು ಕೂಡ ನನ್ನ ವಿದ್ಯೆ ನನಗೆ ಕೇಳಗೊಡಲಿಲ್ಲ. ಅಂದು ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಇಂಗ್ಲಿಷಿನಲ್ಲೇ ಮಾತಾಡಿದರೆ ಮಕ್ಕಳು ಬೇಗ ಕಲಿಯುತ್ತಾರೆ ಎಂದು ವಾದಿಸುವವರುಂಟು. ಒಪ್ಪೋಣ. ಉಪಾಧ್ಯಾಯ ಇಂಗ್ಲಿಷಿನಲ್ಲೇ ಮಾತಾಡಲಿ. ಆದರೆ ಬೇಕೆಂದು ಮೌನವಾಗಿರುವುದು ಬೇರೆ, ಮೂಕನಾಗಿರುವುದು ಬೇರೆ. ಬಲ್ಲವನು ಆಡದಿದ್ದರೆ ಅದು ಪಾಠದ ಕ್ರಮ; ಅರಿಯದವನು ಆಡದಿದ್ದರೆ ಅದಕ್ಕೆ ಕ್ರಮದ ಹೆಸರು ಕೊಡುವುದು ಆತ್ಮವಂಚನೆ.

ಒಂದು ವರ್ಷದ ಕರಾರಿಗೆ ಯಾರು ಇಷ್ಟೆಲ್ಲ ಕಷ್ಟಪಡುತ್ತಾರೆ ಎಂದು ಮತ್ತೆ ಕೆಲವರು ಕೇಳುತ್ತಾರೆ. ಕಷ್ಟವೆಷ್ಟು? ಸೆಜೋಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಜೆಗಳಿಗೆ ಕೊಟ್ಟ ಹಂಗುಲ್ ಲಿಪಿಗೆ ಇಂದು ಮೂಲಾಕ್ಷರಗಳು 24; ವ್ಯಂಜನ 14, ಸ್ವರ 10. ಕಾಗುಣಿತ, ಒತ್ತಕ್ಷರಗಳಲ್ಲಿ ಪಳಗಿದ ಕನ್ನಡಿಗನಿಗೆ ಅದು ಒಂದು ವಾರದ ಕೆಲಸ. ನಮ್ಮಂತೆಯೇ ಕ್ರಿಯಾಪದವನ್ನು ವಾಕ್ಯದ ಕೊನೆಗಿಡುವ ಭಾಷೆ. ತಂದೆಯನ್ನು ‘ಅಪ್ಪ’ ಎಂದೂ ತಾಯಿಯನ್ನು ‘ಒಮ್ಮ’ ಎಂದೂ ಮಕ್ಕಳು ಕರೆಯುವ ಊರಿನಲ್ಲಿ ನಾವು ಇಂಗ್ಲಿಷಿನ ಕೋಟೆ ಕಟ್ಟಿಕೊಂಡು ಕುಳಿತರೆ ತಪ್ಪು ಯಾರದು? ವಿದೇಶೀಯರಿಗೆ ಭಾಷೆ ಕಲಿಸುವ ಕಾರ್ಯಕ್ರಮವನ್ನು ಇಲ್ಲಿನ ನ್ಯಾಯ ಸಚಿವಾಲಯವೇ 2009ರಿಂದ ನಡೆಸಿಕೊಂಡು ಬಂದಿದೆ. ಊರು ಕೈ ಚಾಚಿದೆ; ನಮ್ಮ ಕೈ ಜೇಬಿನಲ್ಲಿದೆ.

ಈ ಭಾಷೆ ಇವರಿಗೆ ಸುಲಭವಾಗಿ ಉಳಿದು ಬಂದ ಆಸ್ತಿಯೂ ಅಲ್ಲ. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆ ಇತ್ತು. 1938ರಲ್ಲಿ ಶಾಲೆಗಳಲ್ಲಿ ಕೊರಿಯನ್ ಭಾಷೆಯನ್ನು ಐಚ್ಛಿಕ ವಿಷಯಕ್ಕೆ ಇಳಿಸಿದರು. ನಿಘಂಟು ಸಿದ್ಧಪಡಿಸುತ್ತಿದ್ದ ವಿದ್ವಾಂಸರನ್ನು 1942ರಲ್ಲಿ ಬಂಧಿಸಿದರು. ಅವರಲ್ಲಿ ಇ ಯುನ್‌ಜೆ, ಹಾನ್ ಜಿಂಗ್ ಎಂಬಿಬ್ಬರು ಸೆರೆಮನೆಯಲ್ಲೇ ಪ್ರಾಣ ಬಿಟ್ಟರು. ಪೊಲೀಸರು ಹೊತ್ತೊಯ್ದ ಹಸ್ತಪ್ರತಿ 1945ರಲ್ಲಿ ಸೋಲ್ ರೈಲು ನಿಲ್ದಾಣದ ಉಗ್ರಾಣದಲ್ಲಿ ಸಿಕ್ಕಿತು. ಮೊದಲ ಸಂಪುಟ 1947ರಲ್ಲಿ ಅಚ್ಚಾಯಿತು. ಪದಗಳನ್ನು ಕೂಡಿಟ್ಟದ್ದಕ್ಕಾಗಿ ಜನ ಸತ್ತ ದೇಶದಲ್ಲಿ, ಆ ಪದಗಳಲ್ಲೊಂದನ್ನೂ ಕಲಿಯದೆ ಸಂಬಳ ಎಣಿಸಿಕೊಳ್ಳುವುದು ಮರ್ಯಾದೆಯೆ?

ನನ್ನ ಬೇಡಿಕೆ ದೊಡ್ಡದಲ್ಲ. ಕೂಲಿಯವನಿಗೆ ವಿಧಿಸಿದ್ದರಲ್ಲಿ ಕಾಲುಭಾಗವನ್ನಾದರೂ ಮೇಷ್ಟರಿಗೂ ವಿಧಿಸಲಿ. ಬಂದ ಆರು ತಿಂಗಳಲ್ಲಿ ಅಕ್ಷರ ಓದಬೇಕು. ಹೊಟ್ಟೆ ನೋವು, ಹಸಿವು, ಭಯ ಎಂಬ ಮಕ್ಕಳ ಮಾತುಗಳಾದರೂ ತಿಳಿಯಬೇಕು. ಅದಕ್ಕೆ ಬೇಕಾದ ವೇಳೆಯನ್ನು ಶಾಲೆ ಕೊಡಲಿ. ಕಲಿಯಲೊಲ್ಲದವನ ಕರಾರು ಮುಂದುವರಿಯದಿರಲಿ.

ನಮ್ಮವರಿಗೂ ಒಂದು ಮಾತು. ಪರದೇಶಕ್ಕೆ ಬಂದು ರಾಜ್ಯೋತ್ಸವದ ದಿನ ಕೆಂಪು ಹಳದಿ ಶಾಲು ಹೊದ್ದು ನಾಡುನುಡಿಯ ಭಾಷಣ ಮಾಡುವವರು, ಮರುದಿನ ಅಂಗಡಿಯಲ್ಲಿ ಬೆರಳು ತೋರಿಸಿ ಈರುಳ್ಳಿ ಕೊಳ್ಳುತ್ತಾರೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ! ನಮ್ಮ ಊರಿಗೆ ಬಂದವರಿಂದ ನಾವು ಏನನ್ನು ಕೇಳುತ್ತೇವೆಯೋ ಅದನ್ನು ಹೋದ ಊರಿಗೆ ಮೊದಲು ಸಲ್ಲಿಸಬೇಕು.

ಮಿತ್ರರು ಇದನ್ನು ಓದಿದರೆ ಮುನಿದಾರು. ಮುನಿಯಲಿ. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ನಾನೇ ಅವರೊಡನೆ ಮಹಡಿ ಹತ್ತಿ, ಮೇಲಿನವರಿಗೆ ಕನ್ನಡ ಕಲಿಯಿರೆಂದು ಹೇಳಿ ಬರುತ್ತೇನೆ. ಹಾಗೆ ಹೇಳುವ ಹಕ್ಕನ್ನು ಈಗ ಇಲ್ಲಿ, ಒಂದೊಂದೇ ಅಕ್ಷರವಾಗಿ ಸಂಪಾದಿಸುತ್ತಿದ್ದೇನೆ.