ಬ್ಯಾಟರಿ ಸತ್ತಿಲ್ಲ, ಥಂಡಿ ಹತ್ತೈತಿ

ಡಿಸೆಂಬರ್ ನಸುಕಿನಲ್ಲಿ ಗದಗಿನ ಮೈದಾನದಾಗ ನಮ್ಮ ಆರ್‌ಸಿ ಕಾರು ಎರಡೇ ಸುತ್ತಿಗೆ ಸುಸ್ತಾಯ್ತು. "ಬ್ಯಾಟರಿ ಹೋತಲೇ" ಅಂತ ಹೊಸದಕ್ಕೆ ರೊಕ್ಕ ಕೂಡಿಸಲು ಹೊರಟೆವು. ಮಧ್ಯಾಹ್ನ ಬಿಸಿಲಲ್ಲಿ ಅದೇ ಹಳೇ ಬ್ಯಾಟರಿಯಲ್ಲಿ ಕಾರು ಜೋರಾಗಿ ಓಡಿತು!

ಥಂಡಿಯಲ್ಲಿ ಲಿಪೋ ಸೆಲ್ಲಿನೊಳಗೆ ಅಯಾನುಗಳ ಓಡಾಟ ನಿಧಾನ, ಒಳರೋಧ ಜಾಸ್ತಿ. ಒಮ್ಮೆಲೇ ಫುಲ್ ಥ್ರಾಟಲ್ ಕೊಟ್ಟರೆ ವೋಲ್ಟೇಜ್ ಕುಸಿಯುತ್ತೆ. ಚಾರ್ಜ್ ಮುಗಿಯಿತೆಂದು ಇಎಸ್‌ಸಿ ಮೋಟರನ್ನು ತಡೆಯುತ್ತೆ.

ಗದಗ, ಮುಂಡರಗಿಯಲ್ಲಿ ಹಿಮವೇನೂ ಬೀಳಲ್ಲ. ಬ್ಯಾಟರಿಯನ್ನು ರಾತ್ರಿ ವರಾಂಡದಲ್ಲಿ ಬಿಡದೆ ಕೋಣೆಯೊಳಗಿಟ್ಟು, ಕೌದಿ ತುಂಡಿನಲ್ಲಿ ಸುತ್ತಿ ಒಯ್ದರೆ ಸಾಕು. ಮೊದಲೆರಡು ನಿಮಿಷ ಮೆಲ್ಲಗೆ ಓಡಿಸೋಣ. ಉಬ್ಬಿದ ಬ್ಯಾಟರಿಯ ಮಾತು ಬೇರೆ, ಅದನ್ನು ಮುಟ್ಟಲೇಬಾರದು. ಉಳಿದದ್ದನ್ನು ಮಲ್ಟಿಮೀಟರ್ ಹಚ್ಚದೆ ಎಸೆದರೆ ನಾವೆಂಥ ಎಂಜಿನಿಯರ್‌ಗಳು?