ಅಟ್ಟದ ಮೇಲಣ ಟರ್ಬೋ

ವಾಚಕ ಮಹಾಶಯರಲ್ಲಿ ಅನೇಕರ ಮನೆಯ ಅಟ್ಟದ ಮೇಲೆ ಒಡೆದ ಹಾರ್ಮೋನಿಯಮ್ಮೋ ಹಳೆಯ ಹೊಲಿಗೆಯ ಯಂತ್ರವೋ ಇರುವುದಷ್ಟೆ. ನಮ್ಮ ಅಟ್ಟದ ಮೇಲಿದ್ದುದು ಒಂದು ಟರ್ಬೋಚಾರ್ಜರು. ನಮ್ಮ ಚಿರಂಜೀವಿಯು ಯೌವನದ ಹುಮ್ಮಸ್ಸಿನಲ್ಲಿ ತನ್ನ ಪೆಟ್ರೋಲ್ ಕಾರಿಗೆ ಅದನ್ನು ಹಾಕಿಸಿ, ಎರಡು ವರ್ಷ ಓಡಿಸಿ, ಮದುವೆಯಾದ ಬಳಿಕ ಕಳಚಿಸಿಟ್ಟಿದ್ದನು. ಈಚೆಗೆ ಅದನ್ನು ಮಾರುವ ಪ್ರಸಂಗವೊದಗಿತು.

ಈ ಯಂತ್ರದ ತತ್ತ್ವವು ಸರಳವಾದುದು. ಎಂಜಿನ್ನು ಹೊರಬಿಡುವ ಬಿಸಿ ಹೊಗೆಯು ಒಂದು ಚಕ್ರವನ್ನು ತಿರುಗಿಸುವುದು. ಅದೇ ದಂಡದ ಮತ್ತೊಂದು ತುದಿಯಲ್ಲಿರುವ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವುದು. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನವನ್ನು ಉರಿಸಬಹುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರನು 1905 ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. 1962 ರಲ್ಲಿ ಅಮೆರಿಕೆಯ ಓಲ್ಡ್ಸ್‌ಮೊಬೀಲ್ ಮತ್ತು ಷೆವ್ರೊಲೆ ಕಾರುಗಳಲ್ಲಿ ಇದು ಮಾರಾಟಕ್ಕೆ ಬಂದಿತು. ದಂಡವು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುವುದರಿಂದ, ಅದನ್ನು ಹೊತ್ತಿರುವ ಎಣ್ಣೆಯ ತೆಳುಪದರವೇ ಅದರ ಪ್ರಾಣವೆನ್ನಬೇಕು.

ಮಾರುವ ಮುನ್ನ ನಮ್ಮ ಬೀದಿಯ ಮುದುಕ ಮೆಕ್ಯಾನಿಕ್ಕನಿಗೆ ತೋರಿಸಿದೆವು. ದಂಡದ ತುದಿಯನ್ನು ಬೆರಳಿನಿಂದ ಹಿಡಿದು ಅಲುಗಿಸಿದನು. ಪಕ್ಕಕ್ಕೆ ಅತ್ಯಲ್ಪ ಅಲುಗಾಟವಿರುವುದು ದೋಷವಲ್ಲವಂತೆ; ಎಣ್ಣೆ ಬಂದಾಗ ಆ ಎಡೆ ತುಂಬುತ್ತದೆ. ಆದರೆ ನಮ್ಮದು ಹಿಂದಕ್ಕೂ ಮುಂದಕ್ಕೂ ಸರಿಯುತ್ತಿತ್ತು. ರೆಕ್ಕೆಯ ಅಂಚು ಕವಚವನ್ನು ಉಜ್ಜಿದ ಗೀರೂ ಇತ್ತು. “ಬಿಚ್ಚಿ ಹೊಸ ಬೇರಿಂಗ್ ಹಾಕಿಸದೆ ಇದನ್ನು ಕೂಡಿಸಬೇಡಿ, ಸ್ವಾಮಿ” ಎಂದನು. ಮಗನು, “ಕೇಳಿದರೆ ಹೇಳೋಣ, ಅಪ್ಪಾ” ಎಂದು ಸೀಮೆಎಣ್ಣೆಯಲ್ಲಿ ಅದನ್ನು ತೊಳೆದು ಥಳಥಳಿಸುವಂತೆ ಮಾಡಿದನು.

ಕೊಳ್ಳಲು ಬಂದವನು ಇಪ್ಪತ್ತೆರಡರ ಹುಡುಗ. ಜೇಬಿನಲ್ಲಿ ಮೊದಲ ಸಂಬಳದ ಹಣ. ಕಾರು ಮಾತ್ರ ತಂದೆಯದು. ವೇಗವೆಷ್ಟು ಹೆಚ್ಚುವುದೆಂದು ಮೂರು ಬಾರಿ ಕೇಳಿದನು. ದಂಡದ ವಿಚಾರವನ್ನು ಕೇಳಲಿಲ್ಲ. ನಾವೂ ಸುಮ್ಮನಿದ್ದೆವೆಂಬುದನ್ನು ಮರೆಮಾಚಲಾರೆವು. ಕಾಫಿ ತಂದ ನಮ್ಮ ಗೃಹಿಣಿಯು, “ಮೆಕ್ಯಾನಿಕ್ಕನು ಹೇಳಿದ್ದನ್ನು ಆ ಮಗುವಿಗೆ ತಿಳಿಸಿದಿರಾ?” ಎಂದು ಎಲ್ಲರೆದುರಿಗೇ ಕೇಳಿದಳು.

ಆಮೇಲೆ ಎಲ್ಲವನ್ನೂ ಹೇಳಿದೆವು. ಗೀರನ್ನು ತೋರಿಸಿದೆವು. ಎಣ್ಣೆಯ ಕೊಳವೆಯೊಂದು ಕಳೆದುಹೋಗಿದ್ದುದನ್ನೂ ಮುಚ್ಚಿಡಲಿಲ್ಲ. ಟರ್ಬೋವಿಗೆಂದು ರಚಿಸದ ಎಂಜಿನ್ನಿಗೆ ಇಂಧನವನ್ನೂ ಕಿಡಿಯ ಹೊತ್ತನ್ನೂ ಹೊಂದಿಸದೆ ಗಾಳಿಯನ್ನು ಒತ್ತಿದರೆ ಪಿಸ್ಟನ್ನುಗಳೇ ಒಡೆಯಬಹುದೆಂದೆವು. ತಯಾರಕರು ಗೊತ್ತುಪಡಿಸಿದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988 ರ ಮೋಟಾರು ವಾಹನ ಕಾಯಿದೆಯ 52 ನೆಯ ಕಲಮು ಹೇಳುವುದನ್ನೂ, 2019 ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ದೃಢಪಡಿಸಿದುದನ್ನೂ ತಿಳಿಸಿದೆವು. ಈ ಉಪದೇಶವು ನಮ್ಮ ಮಗನಿಗೆ ಸಕಾಲದಲ್ಲಿ ದೊರೆತಿರಲಿಲ್ಲವೆಂಬುದು ಬೇರೆ ಮಾತು.

ಹುಡುಗನು ತಂದೆಯನ್ನು ಕೇಳಿ ಬರುವೆನೆಂದು ಹೋದವನು ಮತ್ತೆ ಬರಲಿಲ್ಲ. ಕೊನೆಗೆ ಪಾಲಿಟೆಕ್ನಿಕ್ಕಿನ ಉಪಾಧ್ಯಾಯರೊಬ್ಬರು, ವಿದ್ಯಾರ್ಥಿಗಳಿಗೆ ಕೊಯ್ದು ತೋರಿಸುವುದಕ್ಕಾಗಿ, ನಾವು ಹೇಳಿದ್ದ ಬೆಲೆಯ ಎಂಟನೆಯ ಒಂದು ಪಾಲಿಗೆ ಅದನ್ನು ಕೊಂಡರು. ಮಗನು ನಮ್ಮೊಡನೆ ಇನ್ನೂ ಸರಿಯಾಗಿ ಮಾತನಾಡುತ್ತಿಲ್ಲ, ತಾಯಿಯೊಡನೆ ಆಡುತ್ತಾನೆ.